ಕುಡಿಯದವರ ಯಕೃತ್ತು ಮತ್ತು 21 ದಿನಗಳ ಕಷಾಯ

ಗುಬ್ಬಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ನನಗೆ ಈಗ 63 ವರ್ಷ. ಮದ್ಯವನ್ನು ಮುಟ್ಟಿದವನಲ್ಲ, ಮಾಂಸವನ್ನು ತಿಂದವನಲ್ಲ. ಆದರೂ ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಎಂದು, ಅಂದರೆ ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದು ಬಂದಿದೆ. ಮನೆಯವರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಾರೆ. ವೈದ್ಯರು ಒಂದು ಮಾತ್ರೆಯನ್ನೂ ಬರೆಯದೆ, 72 ಕಿಲೋ ಇರುವ ತೂಕವನ್ನು ಇಳಿಸಿ ಎಂದಷ್ಟೇ ಹೇಳಿದರು. ಕೊಬ್ಬರಿ, ತುಪ್ಪ ಎರಡನ್ನೂ ಬಿಟ್ಟಿದ್ದೇನೆ. ಅಮೃತಬಳ್ಳಿ, ನೆಲನೆಲ್ಲಿ ಮುಂತಾದವುಗಳಿಂದ ಮಾಡುವ, ಯಕೃತ್ತನ್ನು ಶುದ್ಧಿಗೊಳಿಸುವ 21 ದಿನಗಳ ಕಷಾಯದ ವಿವರವನ್ನು ಲಗತ್ತಿಸಿದ್ದೇನೆ. ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರೆ ನಾಲ್ಕು ಜನಕ್ಕೆ ಉಪಕಾರವಾಗುತ್ತದೆ."

ಸಂಪಾದಕರ ಉತ್ತರ:

ಮೇಷ್ಟ್ರೇ, ಒಂದು ಒತ್ತಕ್ಷರವೂ ತಪ್ಪದ ನಿಮ್ಮ ಪತ್ರವನ್ನು ನಮ್ಮ ಕಚೇರಿಯ ಹುಡುಗರಿಗೆ ಮಾದರಿಯೆಂದು ತೋರಿಸಿದೆ. ಕಷಾಯದ ಚೀಟಿಯನ್ನು ಮಾತ್ರ ತೋರಿಸಲಿಲ್ಲ. ಅದೇಕೆಂದು ಹೇಳುವ ಮೊದಲು, ನಿಮ್ಮ ಮನೆಯವರ ಅನುಮಾನವನ್ನು ಪರಿಹರಿಸುವುದು ನನ್ನ ಕರ್ತವ್ಯ.

ಯಕೃತ್ತು ಕೆಟ್ಟಿತೆಂದರೆ ಕುಡಿತವೇ ಕಾರಣ ಎಂದು ನಂಬಿದವರು ನಿಮ್ಮ ಮನೆಯವರೊಬ್ಬರೇ ಅಲ್ಲ, ವೈದ್ಯಲೋಕವೂ ಬಹುಕಾಲ ಹಾಗೆಯೇ ನಂಬಿತ್ತು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 20 ರೋಗಿಗಳ ವಿವರವನ್ನು ಪ್ರಕಟಿಸಿದರು. ಅವರ ಯಕೃತ್ತಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕುಡುಕರದೇ ಲಕ್ಷಣ, ವಿಚಾರಿಸಿದರೆ ಕುಡಿಯುವ ಅಭ್ಯಾಸವಿಲ್ಲ. ಹೆಚ್ಚಿನವರಲ್ಲಿ ಕಂಡದ್ದು ಅತಿಯಾದ ಮೈತೂಕ, ಹಲವರಲ್ಲಿ ಸಕ್ಕರೆ ಕಾಯಿಲೆ. ಅಂದಿನಿಂದ ಈ ಕಾಯಿಲೆಗೆ 'ಮದ್ಯೇತರ' ಎಂಬ ವಿಶೇಷಣ ಅಂಟಿಕೊಂಡಿತು. ಒಬ್ಬ ಸಭ್ಯನನ್ನು ಜೀವನವಿಡೀ 'ಕಳ್ಳನಲ್ಲದ ರಾಮಣ್ಣ' ಎಂದು ಕರೆದ ಹಾಗಾಯಿತು ಇದು. ಕೊನೆಗೂ 2023ರಲ್ಲಿ ಹಲವು ದೇಶಗಳ ಯಕೃತ್ ತಜ್ಞರ ಸಂಘಗಳು ಸೇರಿ, ದೇಹದ ಚಯಾಪಚಯದ (ಆಹಾರವನ್ನು ಅರಗಿಸಿ ಬಳಸಿಕೊಳ್ಳುವ ಕ್ರಿಯೆಯ) ಏರುಪೇರಿನಿಂದ ಬರುವ ಕೊಬ್ಬಿನ ಯಕೃತ್ತು ಎಂಬ ಅರ್ಥದ ಹೊಸ ಹೆಸರನ್ನಿಟ್ಟವು. ಈ ಸಂಗತಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ.

ಇನ್ನು ಕಷಾಯ. ನಾನು ನಾಟಿ ಔಷಧದ ದ್ವೇಷಿಯಲ್ಲ. ಕಾಮಾಲೆಯಾದವರಿಗೆ ನಮ್ಮ ಅಜ್ಜಿ ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು, ಬಹುಪಾಲು ಜನ ಗುಣವಾಗುತ್ತಲೂ ಇದ್ದರು. ಆದರೆ ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ ಎಂಬುದು ಅಜ್ಜಿಗೆ ಗೊತ್ತಿರಲಿಲ್ಲ, ಕೀರ್ತಿಯೆಲ್ಲ ಸೊಪ್ಪಿಗೆ ಸಂದಿತು. ಆ ಸೊಪ್ಪನ್ನು ವಿಜ್ಞಾನವು ಕಡೆಗಣಿಸಿತೆಂದೂ ಹೇಳಲಾಗದು. 1988ರಲ್ಲಿ ಮದರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲೂಂಬರ್ಗ್ ಅವರೊಡಗೂಡಿ, ನೆಲನೆಲ್ಲಿಯಿಂದ ಆ ವೈರಾಣು ತೊಲಗುತ್ತದೆಂದು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಬೇರೆಡೆಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಅದೂ ವೈರಾಣುವಿನ ಮಾತು, ಕೊಬ್ಬಿನದಲ್ಲ. ಅಮೃತಬಳ್ಳಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಸೇವಿಸಿದ ಕೆಲವರ ಯಕೃತ್ತಿಗೇ ಪೆಟ್ಟಾಯಿತೆಂದು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ರೋಗವಿರುವ ಅಂಗದ ಮೇಲೆಯೇ ಪ್ರಯೋಗಕ್ಕಿಳಿಯುವುದು ನಿಮ್ಮಂಥ ವಿವೇಕಿಗಳಿಗೆ ತಕ್ಕದ್ದಲ್ಲ. ರಕ್ತದಲ್ಲಿ ಬಂದ ಅನೇಕ ವಿಷವಸ್ತುಗಳನ್ನು ನಿರ್ವಿಷಗೊಳಿಸುವುದೇ ಯಕೃತ್ತಿನ ಕೆಲಸವಾಗಿರುವಾಗ, ಆ ಅಗಸನನ್ನೇ ಒಗೆಯಲು ಹೊರಟಿದ್ದೇವಲ್ಲ!

ಇಂತಹ ಶುದ್ಧಿಪುಡಿಯ ಜಾಹೀರಾತೊಂದು ಹಿಂದೆ ನಮ್ಮ ಪತ್ರಿಕೆಗೂ ಬಂದಿತ್ತು. ಪೂರ್ಣ ಪುಟ, ಮುಂಗಡ ಹಣ. ಸಕ್ಕರೆ ಕಾಯಿಲೆಯನ್ನೂ ಗುಣಪಡಿಸುತ್ತದೆಂಬ ಸಾಲು ಅದರಲ್ಲಿತ್ತು. ಅಂಥ ಭರವಸೆಯನ್ನು ಜಾಹೀರಾತಿನಲ್ಲಿ ಕೊಡುವುದು ಔಷಧಗಳ ಆಕ್ಷೇಪಾರ್ಹ ಜಾಹೀರಾತನ್ನು ತಡೆಯುವ 1954ರ ಕಾಯ್ದೆಯಂತೆ ಅಪರಾಧ ಎಂದು ತಿಳಿಸಿದೆ. ಆ ಸಾಲನ್ನು ಸಣ್ಣ ಅಕ್ಷರದಲ್ಲಿ ಹಾಕಿದರೆ ಸಾಕೆ ಎಂದು ಕೇಳಿದರು. ಆ ತಿಂಗಳು ಕಾಗದದ ಅಂಗಡಿಯವರಿಗೆ ಸಾಲ ಹೇಳಿದೆನೇ ಹೊರತು ಜಾಹೀರಾತನ್ನು ಹಾಕಲಿಲ್ಲ.

ಈಗ ನಿಮ್ಮ ಕೊಬ್ಬರಿ ತ್ಯಾಗಕ್ಕೆ ಬರುತ್ತೇನೆ. ತೆಂಗಿನಲ್ಲೂ ತುಪ್ಪದಲ್ಲೂ ಇರುವ ಕೊಬ್ಬಿನ ಬಗೆ ಯಕೃತ್ತಿಗೆ ಅಷ್ಟು ಹಿತವಲ್ಲ, ಮಿತಿ ಬೇಕು, ಒಪ್ಪುತ್ತೇನೆ. ಆದರೆ ತಿಪಟೂರಿನ ಕೊಬ್ಬರಿಯನ್ನು ಶಿಕ್ಷೆಗೆ ಗುರಿಮಾಡಿದ ನೀವು, ದಿನಕ್ಕೆ ಎಷ್ಟು ಲೋಟ ಕಾಫಿ, ಪ್ರತಿ ಲೋಟಕ್ಕೆ ಎಷ್ಟು ಚಮಚ ಸಕ್ಕರೆ ಎಂಬುದನ್ನು ಬರೆಯಲೇ ಇಲ್ಲ. ಮೇಷ್ಟರಾಗಿದ್ದವರು ಲೆಕ್ಕದಲ್ಲಿ ಇಂಥ ಸಾಲು ಬಿಡಬಾರದು. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್ ಎಂಬ ಬಗೆಯ ಸಿಹಿ, ಅದನ್ನು ಅರಗಿಸುವ ಭಾರ ಬಹುಪಾಲು ಯಕೃತ್ತಿನದೇ, ಮತ್ತು ಖರ್ಚಾಗದೆ ಉಳಿದದ್ದನ್ನು ಅದು ತಾನೇ ಕೊಬ್ಬನ್ನಾಗಿ ಮಾಡಿಕೊಳ್ಳುತ್ತದೆ. ಹೀಗಾಗಿ ಎಣ್ಣೆಯ ಹನಿಯಿಲ್ಲದ ಊಟ ಮಾಡಿಯೂ ಕೊಬ್ಬಿನ ಯಕೃತ್ತನ್ನು ಸಂಪಾದಿಸಬಹುದು. ಕಾಫಿಯ ಮೇಲೆ ನನಗೆ ದೂರಿಲ್ಲ, ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಕಾಯಿಲೆಗಳು ಕಡಿಮೆ ಎಂದು ಅನೇಕ ಅಧ್ಯಯನಗಳು ಕಂಡಿವೆ. ದೂರು ಇರುವುದು ಚಮಚದ ಮೇಲೆ.

ನಮ್ಮ ತಂದೆ ತುರುವೇಕೆರೆ ಕಡೆಯ ರೈತರು. ಎರಡು ಹೊತ್ತೂ ಮುದ್ದೆ, ಹುರುಳಿಕಾಳಿನ ಬಸ್ಸಾರು, ಮಧ್ಯೆ ಏನೂ ಇಲ್ಲ. ಅವರು ಎರಡು ಮುದ್ದೆ ಉಂಡು ನೇಗಿಲ ಹಿಂದೆ ನಡೆದರು, ನಾನು ಅದೇ ಎರಡು ಮುದ್ದೆ ಉಂಡು ಕರಡು ತಿದ್ದಲು ಕುಳಿತೆ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶವಿದೆ, ಎಲ್ಲ ಸರಿ, ಆದರೆ ಮುದ್ದೆಯ ಗಾತ್ರವನ್ನು ನಿರ್ಧರಿಸಬೇಕಾದದ್ದು ದುಡಿಮೆ. ದುಡಿಮೆಯನ್ನು ಬಿಟ್ಟ ನಾವು ಗಾತ್ರವನ್ನು ಉಳಿಸಿಕೊಂಡು, ಅದರ ಜೊತೆಗೆ ಸಂಜೆ ನಾಲ್ಕಕ್ಕೆ ಬೇಕರಿಯ ಬನ್ನು, ದಿಲ್‌ಪಸಂದ್, ರಾತ್ರಿ ಹತ್ತಕ್ಕೆ ಊಟ ಸೇರಿಸಿಕೊಂಡೆವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ನಾನು ಬಿಟ್ಟಿಲ್ಲ, ಮೂರನೆಯದನ್ನು ಬಿಟ್ಟಿದ್ದೇನೆ.

ಮಾತ್ರೆ ಬರೆಯದ ನಿಮ್ಮ ವೈದ್ಯರ ಮೇಲೆ ನಿಮಗೆ ಅಸಮಾಧಾನ. ನನಗಾದರೋ ಅವರ ಮೇಲೆ ಗೌರವ ಹುಟ್ಟಿತು. ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಮೊದಲ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಮಾರ್ಚ್ ತಿಂಗಳಲ್ಲಿ, ಅದೂ ಯಕೃತ್ತು ಗಣನೀಯವಾಗಿ ಕಲೆಗಟ್ಟಿದವರಿಗೆ, ಅಂದರೆ ಗಾಯ ಮಾದ ಗುರುತಿನಂತೆ ಅಲ್ಲಲ್ಲಿ ಗಡುಸಾದವರಿಗೆ. ಉಳಿದವರಿಗೆ ನಿಮ್ಮ ವೈದ್ಯರು ಹೇಳಿದ್ದೇ ಔಷಧ. ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ, 7ರಿಂದ 10ರಷ್ಟು ಇಳಿದರೆ ಉರಿಯೂತವೂ ತಗ್ಗುತ್ತದೆ. ನಿಮ್ಮ ಲೆಕ್ಕದಲ್ಲಿ ಮೊದಲನೆಯದು ಮೂರೂವರೆ ಕಿಲೋ ಚಿಲ್ಲರೆ, ಎರಡನೆಯದು ಐದರಿಂದ ಏಳು ಕಿಲೋ. ಆತುರ ಬೇಡ, ಉಪವಾಸವಿದ್ದು ಒಮ್ಮೆಲೇ ಇಳಿಸಿದರೆ ಯಕೃತ್ತಿಗೇ ತೊಂದರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಪಂಚೆ ಉಡುವ ನನಗೂ ನಿಮಗೂ ಇದು ಬೇಗ ತಿಳಿಯುವುದಿಲ್ಲ, ಪಂಚೆ ಯಾವ ಹೊಟ್ಟೆಗೂ ಹೊಂದಿಕೊಳ್ಳುವ ಸಭ್ಯ ಉಡುಪು. ಟೇಪು ಹಿಡಿದು ನೋಡಿರಿ.

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು ಎನ್ನುತ್ತಾರೆ, ತೂಕ ಇಳಿಯದಿದ್ದರೂ ನಡಿಗೆಯಿಂದ ಯಕೃತ್ತಿನ ಕೊಬ್ಬು ಕಡಿಮೆಯಾಗುತ್ತದೆ. ಎಲ್ಲಿ ನಡೆಯಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ತುಮಕೂರಿನಲ್ಲಿ ಅಮಾನಿಕೆರೆಯ ದಂಡೆಯೇನೋ ಇದೆ, ಅಲ್ಲಿಗೆ ಹೋಗಲು ಸ್ಕೂಟರ್ ಹತ್ತಬೇಕಾದ ಸ್ಥಿತಿ, ಏಕೆಂದರೆ ದಾರಿಯ ಪಾದಚಾರಿ ಮಾರ್ಗದ ಮೇಲೆ ಬೈಕುಗಳೂ, ಅಂಗಡಿಯ ಫಲಕಗಳೂ, ಕಲ್ಲು ಕಿತ್ತ ಚರಂಡಿಗಳೂ ಇವೆ. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು, ಅದು ಒಳ್ಳೆಯದೇ. ಕಾರ್ಯಕ್ರಮದ ಭಿತ್ತಿಪತ್ರವನ್ನು ನಾನು ನೋಡಿದ್ದು, ನಡೆಯಲು ಜಾಗವಿಲ್ಲದ ಅಂಥದೇ ಒಂದು ಫುಟ್‌ಪಾತಿನ ಗೋಡೆಯ ಮೇಲೆ. ಮನೆಗೆ ಬಂದ ನೆಂಟರಿಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟರೆ ಅವಮಾನ, ಬೀಗರ ಔತಣದಲ್ಲಿ ಎರಡನೇ ಹೋಳಿಗೆ ಬೇಡವೆಂದರೆ ಮುನಿಸು. ಇದಕ್ಕೆ ಯಾವ ಸರ್ಕಾರವೂ ಕಾರ್ಯಕ್ರಮ ಹಾಕಲಾರದು.

ಕೊನೆಯದಾಗಿ, 'ಗ್ರೇಡ್ 1' ಎಂಬುದು ಕೊಬ್ಬಿನ ಪ್ರಮಾಣದ ಮಾತು, ಯಕೃತ್ತು ಎಷ್ಟು ಕಲೆಗಟ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಮುಂದೆ ಅಪಾಯ ತರುವುದು ಕಲೆಗಟ್ಟುವಿಕೆಯೇ. ನಿಮ್ಮ ವಯಸ್ಸು, ರಕ್ತಪರೀಕ್ಷೆಯ ಎರಡು ಎಂಜೈಮುಗಳು, ಪ್ಲೇಟ್‌ಲೆಟ್ ಸಂಖ್ಯೆ ಇಷ್ಟನ್ನೇ ಇಟ್ಟುಕೊಂಡು ಹಾಕುವ 'ಫಿಬ್-4' ಎಂಬ ಸರಳ ಲೆಕ್ಕವಿದೆ. ಅದನ್ನು ಹಾಕಿ ನೋಡುವಂತೆಯೂ, ಸಕ್ಕರೆಯ ಮಟ್ಟ ಪರೀಕ್ಷಿಸುವಂತೆಯೂ ವೈದ್ಯರನ್ನು ಕೇಳಿರಿ. ಕಷಾಯದ ಚೀಟಿಯನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಮೂರು ತಿಂಗಳ ನಂತರದ ನಿಮ್ಮ ತೂಕವನ್ನು ಬರೆದು ತಿಳಿಸಿದರೆ ಇದೇ ಅಂಕಣದಲ್ಲಿ ಪ್ರಕಟಿಸುತ್ತೇನೆ, ಸಕ್ಕರೆ ಚಮಚದ ಲೆಕ್ಕವೂ ಜೊತೆಗಿರಲಿ.