ಡ್ಯುನೆಡಿನ್‌ನ ಚರ್ಚ್‌ಗಳಿಗೆ ನಾವು ಹೋಗಬಹುದೇ?

ನ್ಯೂಜಿಲೆಂಡಿನ ಡ್ಯುನೆಡಿನ್‌ಗೆ ಓದಲು ಬರುತ್ತಿದ್ದೀರಿ, ಊರ ತುಂಬ ಸ್ಕಾಟಿಷ್ ಚರ್ಚ್‌ಗಳಂತೆ, ಕ್ರೈಸ್ತರಲ್ಲದ ನಾವು ಒಳಗೆ ಕಾಲಿಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಈ ಊರು ಹುಟ್ಟಿದ್ದೇ ಚರ್ಚಿನಿಂದ. ಅದು ಗೊತ್ತಿದ್ದರೆ ಇಲ್ಲಿನವರ ರೀತಿನೀತಿ ಬೇಗ ಹಿಡಿತಕ್ಕೆ ಸಿಗುತ್ತದೆ.

1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದು ಫ್ರೀ ಚರ್ಚ್ ಎಂಬ ಪಂಗಡ ಬೇರೆಯಾಯಿತು. ಆ ಕಡೆಯವರು 1848ರಲ್ಲಿ ಜಾನ್ ವಿಕ್ಲಿಫ್, ಫಿಲಿಪ್ ಲೈಯಿಂಗ್ ಎಂಬ ಎರಡು ಹಡಗುಗಳಲ್ಲಿ ಬಂದು ಇಲ್ಲಿ ನೆಲೆ ನಿಂತರು. ಪಾದ್ರಿ ಥಾಮಸ್ ಬರ್ನ್ಸ್ ಜೊತೆಗೇ ಬಂದರು. ಜಮೀನು ಮಾರಿದ ಹಣದಲ್ಲಿ ಎಂಟರಲ್ಲಿ ಒಂದು ಪಾಲು ಚರ್ಚಿಗೂ ಶಾಲೆಗೂ ಮೀಸಲಾಗಿತ್ತು. 1869ರಲ್ಲಿ ಶುರುವಾದ ಒಟಾಗೊ ವಿಶ್ವವಿದ್ಯಾಲಯದ ಮೊದಮೊದಲ ಪ್ರಾಧ್ಯಾಪಕ ಪೀಠಗಳಲ್ಲಿ ಒಂದಕ್ಕೆ ಹಣ ಕೊಟ್ಟದ್ದೂ ಪ್ರೆಸ್ಬಿಟೇರಿಯನ್ ಚರ್ಚೇ, ಅಂದರೆ ಈ ಸ್ಕಾಟಿಷ್ ಪಂಥದ ಚರ್ಚೇ. (ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಕೂಡ ಇದೇ ಸ್ಕಾಟಿಷ್ ಸಂಪ್ರದಾಯದ್ದು.)

ಆಗ ಹೊಸಬರು ಹಿಂದಿನ ಊರಿನ ಚರ್ಚಿನಿಂದ ಸದಸ್ಯತ್ವದ ಪತ್ರ ತಂದು ಇಲ್ಲಿ ಚರ್ಚ್ ನಡೆಸುವ ಹಿರಿಯರ ಸಭೆಗೆ ತೋರಿಸಬೇಕಿತ್ತು. ಪ್ರಭುಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಮುಂಚೆ, ಯೋಗ್ಯರೆಂದು ಕಂಡವರ ಕೈಗೆ ಹಿರಿಯರು ನಾಣ್ಯದಂಥ ಪುಟ್ಟ ಲೋಹದ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ಒಪ್ಪಿಸಿದರಷ್ಟೇ ಪಂಕ್ತಿಯಲ್ಲಿ ಜಾಗ.

ಆ ಬಿಗಿ ಈಗಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಸಾಮಾನ್ಯವಾಗಿ ಚಹಾ ಇರುತ್ತದೆ. ಅದಕ್ಕೆ ತಪ್ಪದೆ ನಿಲ್ಲಿ. ಬಾಡಿಗೆ ಕೋಣೆ, ಚಳಿ ತಡೆಯುವ ಹೊದಿಕೆ, ಹಳೆ ಹೀಟರು ಎಲ್ಲಿ ಸಿಗುತ್ತವೆಂಬುದು ಆ ಮಾತುಕತೆಯಲ್ಲೇ ತಿಳಿಯುವುದು. ಕಾಣಿಕೆ ಚೀಲ ಬಂದರೆ ಪಕ್ಕದವರಿಗೆ ದಾಟಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪ್ರಭುಭೋಜನದ ರೊಟ್ಟಿ ಬಂದಾಗಲೂ ಅಷ್ಟೇ.

ಹೊಸಬರು ಎಡವುವುದು ಕೂಟಕ್ಕೆ ಕರೆಯುವಾಗ ಹೇಳುವ "ಬ್ರಿಂಗ್ ಎ ಪ್ಲೇಟ್" (ಒಂದು ತಟ್ಟೆ ತನ್ನಿ) ಎಂಬ ಮಾತಿಗೆ. ಖಾಲಿ ತಟ್ಟೆ ಒಯ್ದು ಮುಜುಗರ ಪಡಬೇಡಿ. ಎಲ್ಲರೂ ಹಂಚಿಕೊಳ್ಳುವಷ್ಟು ತಿಂಡಿ ತುಂಬಿದ ತಟ್ಟೆ ಎಂದರ್ಥ. ಕೋಡುಬಳೆ, ಚಕ್ಕುಲಿ ಚೆನ್ನಾಗಿ ಹೋಗುತ್ತವೆ, ಚಮಚ ಬೇಡ. ಕಡಲೆಬೀಜ, ಗೋಡಂಬಿ ಹಾಕಿದ್ದರೆ ಚೀಟಿ ಬರೆದು ಪಕ್ಕದಲ್ಲಿಡಿ, ಅಲರ್ಜಿ ಇದ್ದವರಿಗೆ ಜೀವದ ಪ್ರಶ್ನೆ.

ಯುಗಾದಿ ಆಚರಿಸಲು ಜನ ಸೇರುವ ಹಾಲ್ ಬೇಕಾದರೂ ಮೊದಲು ಚರ್ಚಿನ ಕಚೇರಿಯನ್ನೇ ಕೇಳಿ. ಬಾಡಿಗೆ, ಠೇವಣಿಯ ಜೊತೆ ಒಲೆ ಹಚ್ಚಬಹುದೋ, ಬಿಸಿ ಮಾಡಲು ಮಾತ್ರವೋ ಎಂದೂ ಕೇಳಿಕೊಳ್ಳಿ. ಒಗ್ಗರಣೆಯನ್ನಂತೂ ಮನೆಯಲ್ಲೇ ಹಾಕಿ ತನ್ನಿ: ಒಣಮೆಣಸಿನಕಾಯಿ ಹೊಗೆಗೆ ಅಲಾರಂ ಕೂಗಿದರೆ ಅಗ್ನಿಶಾಮಕ ದಳ ಬಂದು ನಿಲ್ಲಬಹುದು, ಖರ್ಚು ನಿಮ್ಮ ತಲೆಗೂ ಬೀಳಬಹುದು. ಹಳೆಯ ಎತ್ತರದ ಹಾಲ್‌ಗಳು ಬೇಗ ಬೆಚ್ಚಗಾಗವು, ಜನ ಬರುವ ಒಂದು ಗಂಟೆ ಮುಂಚೆಯೇ ಹೀಟರ್ ಹಾಕಿ. ಹೊರಡುವಾಗ ಕುರ್ಚಿ ಮೇಜು ಇದ್ದ ಜಾಗಕ್ಕೇ ಇಟ್ಟು, ಕಸ ನೀವೇ ಒಯ್ಯಿರಿ. ಮುಂದಿನ ವರ್ಷ ದೀಪಾವಳಿಗೆ ಹಾಲ್ ಕೇಳಿಕೊಂಡು ಬರುವ ಕನ್ನಡಿಗರಿಗೆ ಹೂಂ ಅನ್ನುವುದೋ ಬೇಡವೋ ಎಂದು ಅವರು ನೋಡುವುದು ಇದನ್ನೇ.