ಹಾಕಿದ ಕಲ್ಲು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಮನೆಯೆದುರಿನ ದಂಡೆಗೆ ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ತಂದು ಸುರಿಯುತ್ತಾರೆ. ಮರುವರ್ಷಕ್ಕೆ ಅರ್ಧ ಕಲ್ಲು ಕಾಣೆ! ಅಷ್ಟು ದೊಡ್ಡ ಬಂಡೆಗಳನ್ನು ಕಡಲು ಎಳೆದೊಯ್ಯುತ್ತದೆಯೇ, ಅಥವಾ ಗುತ್ತಿಗೆದಾರರು ಹಾಕುವುದೇ ಕಡಿಮೆಯೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಗುತ್ತಿಗೆದಾರರ ಲೆಕ್ಕ ನನಗೆ ತಿಳಿಯದು, ಕಡಲಿನ ಲೆಕ್ಕ ಹೇಳಬಲ್ಲೆ. ಬಹುಪಾಲು ಕಲ್ಲು ಎಲ್ಲಿಗೂ ಹೋಗಿಲ್ಲ, ಬಿದ್ದಲ್ಲೇ ಹೂತುಹೋಗಿದೆ. ಇಳಿಜಾರು ಮರಳ ದಂಡೆಯ ಮೇಲೆ ಏರಿದ ಅಲೆ ಸುಸ್ತಾಗಿ ಹಿಂದಿರುಗುತ್ತದೆ. ಸುರಿದ ಕಲ್ಲಿನ ಗೋಡೆಗೆ ಬಡಿದ ಅಲೆಗೆ ಸುಸ್ತಾಗಲು ಜಾಗವೇ ಇಲ್ಲ. ಬಂದ ರಭಸದಲ್ಲೇ ತಿರುಗಿ ಗೋಡೆಯ ಬುಡದ ಮರಳನ್ನು ಅಗೆಯುತ್ತದೆ. ಬುಡ ಟೊಳ್ಳಾದಾಗ ಮೇಲಿನ ಕಲ್ಲು ಜಾರಿ ಗುಂಡಿಗಿಳಿಯುತ್ತದೆ. ಕಲ್ಲುಗಳ ಸಂದಿನಿಂದಲೂ ಮರಳು ಸೋರುತ್ತದೆ. ಅದಕ್ಕೇ ದೊಡ್ಡ ಕಲ್ಲಿನ ಅಡಿಯಲ್ಲಿ ಸಣ್ಣ ಕಲ್ಲಿನ ಹಾಸು, ಅದರಡಿ ನೀರು ಬಿಟ್ಟು ಮರಳು ಹಿಡಿಯುವ ಬಟ್ಟೆ ಇರಬೇಕು. ಜೂನ್ ತಿಂಗಳ ಗಡಿಬಿಡಿಯಲ್ಲಿ, ತೆಂಗಿನ ಮರ ಉರುಳಿದ ಮೇಲೆ ಸುರಿದ ಕಲ್ಲಿಗೆ ಇವೆಲ್ಲ ಎಲ್ಲಿಂದ ಬರಬೇಕು?

ಮಳೆಗಾಲದಲ್ಲಿ ದಂಡೆ ಸವೆಯುವುದು ಸ್ವತಃ ರೋಗವಲ್ಲ. ಒತ್ತೊತ್ತಾಗಿ ಬರುವ ಕಡಿದಾದ ಅಲೆಗಳು ಮರಳನ್ನು ಒಯ್ದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತವೆ. ಮೂರು ಮೀಟರ್ ಎತ್ತರದ ಅಲೆ ಸುಮಾರು ನಾಲ್ಕು ಮೀಟರ್ ಆಳದಲ್ಲೇ ಮುರಿಯುವುದರಿಂದ, ಆ ದಿಬ್ಬವೇ ಮುಂದಿನ ಅಲೆಗಳನ್ನು ತಡೆಯುತ್ತದೆ. ನೂಲು ಹುಣ್ಣಿಮೆ ಕಳೆದು ಕಡಲು ತಣ್ಣಗಾದ ಮೇಲೆ ಸಾಧಾರಣ ಅಲೆಗಳು ಅದೇ ಮರಳನ್ನು ಮೆಲ್ಲನೆ ದಂಡೆಗೆ ತಂದುಹಾಕುತ್ತವೆ. ರೋಗವೆಂದರೆ ಹೋದದ್ದು ಮರಳದಿರುವುದು. ನಿಮ್ಮಲ್ಲಿ ಅದಕ್ಕೆ ಕಾರಣಗಳಿವೆ. ನೇತ್ರಾವತಿಯ ಮರಳನ್ನು ನಾವೇ ಅಗೆದು ಮಾರುತ್ತೇವೆ, ಉಳಿದದ್ದಕ್ಕೆ ಅಣೆಕಟ್ಟುಗಳು ಅಡ್ಡ. ದೋಣಿಗಳಿಗಾಗಿ, ನದಿ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಗೋಡೆ) ಕಟ್ಟಿದ ಮೇಲೆ ಅಳಿವೆಯ ಉತ್ತರದ ಬೆಂಗ್ರೆಯ ಕಡೆ ಮರಳು ಕೂಡಿತು, ನಿಮ್ಮ ಕಡೆ ಸವೆಯಿತು. ಮೀನುಗಾರರಿಗೆ ಅಳಿವೆಬಾಗಿಲು ಬೇಕೇ ಬೇಕು, ಅದನ್ನು ತಪ್ಪೆನ್ನಲಾರೆ. ಆದರೆ ಒಂದು ಕಡೆ ಕೂಡಿದ ಮರಳನ್ನು ಇನ್ನೊಂದು ಕಡೆಗೆ ಸಾಗಿಸುವ ಖರ್ಚನ್ನೂ ಕಟ್ಟುವ ದಿನವೇ ಲೆಕ್ಕಕ್ಕೆ ಹಿಡಿಯಬೇಕಿತ್ತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲಲ್ಲಿ ಕಟ್ಟಿದ ನೀರಿನಡಿಯ ದಿಬ್ಬಗಳ ಉದ್ದೇಶ ಅಲೆಯನ್ನು ದೂರದಲ್ಲೇ ಮುರಿಯುವುದು. ಕಲ್ಲು ಸುರಿಯುವುದಕ್ಕಿಂತ ಬುದ್ಧಿವಂತ ದಾರಿಯೆಂದೇ ನನ್ನ ಅಭಿಪ್ರಾಯ. ಆದರೆ ದಿಬ್ಬ ಮರಳನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸೀತು ಅಷ್ಟೇ.

ಪ್ರಶ್ನೆ: ಚೆನ್ನೈನ ಮರೀನಾ ಬೀಚ್ ಮನುಷ್ಯ ನಿರ್ಮಿತವೆಂದು ಗೆಳೆಯ ವಾದಿಸುತ್ತಾನೆ. ನಿಜವೇ?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗೆಳೆಯನದು ಮುಕ್ಕಾಲು ಸರಿ. ಅಲೆ ದಂಡೆಗೆ ಓರೆಯಾಗಿ ಏರಿ ನೇರವಾಗಿ ಇಳಿಯುವುದರಿಂದ ಮರಳಿನ ಕಣ ಪ್ರತಿ ಬಾರಿ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಪೂರ್ವ ಕರಾವಳಿಯಲ್ಲಿ ಈ ಪಯಣ ಒಟ್ಟಾರೆ ಉತ್ತರ ದಿಕ್ಕಿಗೆ. 1870ರ ದಶಕದಲ್ಲಿ ಶುರುವಾದ ಬಂದರಿನ ಗೋಡೆಗಳು ಅದನ್ನು ತಡೆದವು. ದಕ್ಷಿಣದಲ್ಲಿ ಮರಳು ನಿಂತು ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆ ಕಡಲು ಊರಿನೊಳಗೆ ನುಗ್ಗಿತು. ಪ್ರವಾಸಿಗರು ಮರೀನಾದಲ್ಲಿ ಸುಂಡಲ್ ತಿಂದು ಬರುತ್ತಾರೆ, ರಾಯಪುರಂ ನೋಡಲು ಹೋಗುವವರು ಕಡಿಮೆ. ನೀವು ಹೋದರೆ ಎರಡನ್ನೂ ಒಂದೇ ದಿನ ನೋಡಿ. ಗೆಳೆಯನನ್ನೂ ಕರೆದೊಯ್ಯಿರಿ.

ಪ್ರಶ್ನೆ: ಗಾಳಿಮರ ನೆಟ್ಟರೆ ಕಡಲ್ಕೊರೆತ ನಿಲ್ಲುತ್ತದೆಯೇ?
– ಓದುಗರು, ಹೊನ್ನಾವರ

ಉತ್ತರ: ಇಲ್ಲ. ಅದು ಗಾಳಿಗೆ ಹಾರುವ ಮರಳನ್ನು ಹಿಡಿಯುತ್ತದೆ, ಹಿಂದಿನ ತೋಟಕ್ಕೆ ಉಪ್ಪುಗಾಳಿ ಕಡಿಮೆ ಮಾಡುತ್ತದೆ. ಅಲೆ ಬುಡ ಕೊರೆದರೆ ಬೇರುಸಮೇತ ಬೀಳುತ್ತದೆ. ಮರಳುದಿಬ್ಬ ಬೆಳೆಸುವ ಕೆಲಸದಲ್ಲಿ, ಮೇಕೆಯ ಗೊರಸಿನಂಥ ಎಲೆಯ, ನೇರಳೆ ಹೂವಿನ, ದಂಡೆಯ ಮರಳಲ್ಲಿ ಹಬ್ಬುವ ಅಡುಂಬು ಬಳ್ಳಿಯೇ ಮೇಲು. ಬೀಚ್ ಸ್ವಚ್ಛತೆಯ ಹೆಸರಿನಲ್ಲಿ ಅದನ್ನು ಜೆಸಿಬಿಯಿಂದ ಕೆರೆಸುವವರನ್ನು ಕಂಡರೆ, ದಯವಿಟ್ಟು ಜಗಳವಾಡಿ.