ಮುರಿದದ್ದು ದೇವಿಮನೆ ಘಟ್ಟದಲ್ಲಿ, ಬಿರುಕು ಬಿಟ್ಟದ್ದು ಯಾವಾಗ?

ಪ್ರಶ್ನೆ: ಕಳೆದ ವರ್ಷ ಹದಿನಾಲ್ಕು ವರ್ಷ ಹಳೆಯ ಸೆಡಾನ್ ಕಾರೊಂದನ್ನು ಕೊಂಡೆ. ಹಿಂದಿನ ಮಾಲೀಕರು ಗಾಡಿಯನ್ನು ತಗ್ಗಿಸಲು ಗಿಡ್ಡ ಸ್ಪ್ರಿಂಗ್ ಹಾಕಿಸಿದ್ದರು. ಹಿಂದಿನ ಚಕ್ರಗಳಿಗೆ ಉದ್ದ ಹೆಚ್ಚು ಕಡಿಮೆ ಮಾಡಬಹುದಾದ, ಕಂಪನಿಯದಲ್ಲದ ಕೆಳ ಆರ್ಮ್‌ಗಳನ್ನೂ (ಚಕ್ರವನ್ನು ಗಾಡಿಯ ಅಡಿಗೆ ಕೂಡಿಸುವ ತೋಳುಗಳು) ಕೂರಿಸಿದ್ದರು. ನವೆಂಬರಿನಲ್ಲಿ ಮನೆಯವರೊಂದಿಗೆ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಚಕ್ರ ಗುಂಡಿಗೆ ಬಿತ್ತು. ‘ಟಕ್’ ಎಂದು ಸದ್ದಾಗಿ ಎಡ ಹಿಂಚಕ್ರ ವಾಲಿಕೊಂಡಿತು. ವೇಗ ಕಡಿಮೆಯಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆರ್ಮ್ ಒಳತುದಿಯ ಮರೆಯಲ್ಲಿ (ನಟ್ಟು ತಿರುಗುವ ಸುರುಳಿ ಗೆರೆಗಳಲ್ಲಿ), ಅದನ್ನು ಬಿಗಿದು ಹಿಡಿಯುವ ಲಾಕ್‌ನಟ್ಟಿನ ಹತ್ತಿರ ತುಂಡಾಗಿದೆ. ಬಿಡಿಭಾಗ ಮಾರಿದವರು ‘ರಸ್ತೆಯ ತಪ್ಪು’ ಎನ್ನುತ್ತಾರೆ. ವೆಲ್ಡಿಂಗ್ ಅಂಗಡಿಯವರು ‘ಬೆಸುಗೆ ಹಾಕಿದರೆ ಹೊಸದಕ್ಕಿಂತ ಗಟ್ಟಿ’ ಎನ್ನುತ್ತಾರೆ. ಯಾರನ್ನು ನಂಬಲಿ? ಚಿತ್ರಗಳನ್ನು ಕಳಿಸಿದ್ದೇನೆ. — ಶಿರಸಿಯ ಓದುಗರು

ಉತ್ತರ: ಮೊದಲಿಗೆ, ಆ ಎರಡು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ನೋಡಬೇಡಿ. ಮುರಿದ ವಸ್ತು ಕೈಗೆ ಬಂದರೆ ಎಲ್ಲರೂ ಮಾಡುವ ಕೆಲಸ ಅದೇ. ಹಾಗೆ ಉಜ್ಜಿದರೆ ಮುರಿದ ಮುಖದ ಮೇಲಿನ ಗುರುತುಗಳು ಅಳಿಸಿಹೋಗುತ್ತವೆ, ನಿಮ್ಮ ಪರವಾಗಿ ಇರುವ ಒಂದೇ ಸಾಕ್ಷಿ ಅದು. ಸ್ವಲ್ಪ ಎಣ್ಣೆ ಸವರಿ, ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿಡಿ.

ನಿಮ್ಮ ಚಿತ್ರದಲ್ಲಿ ಆ ಮುಖ ಚೆನ್ನಾಗಿ ಕಾಣುತ್ತಿದೆ. ಮುಕ್ಕಾಲು ಪಾಲು ಕಂದು ಬಣ್ಣ, ನುಣುಪು. ಅದರಲ್ಲಿ ಒಂದು ಅಂಚಿನಿಂದ ಹೊರಟು ಹರಡುತ್ತ ಬಂದ ಬಾಗು ಗೆರೆಗಳಿವೆ, ಅಘನಾಶಿನಿಯ ಬಳಚಿನ ಚಿಪ್ಪಿನ ಮೇಲೆ ಇರುವಂಥವು. ಎಂಜಿನಿಯರುಗಳು ಇವನ್ನು ಬೀಚ್ ಮಾರ್ಕ್ ಎನ್ನುತ್ತಾರೆ. ಅಲೆ ಹಿಂದೆ ಸರಿಯುವಾಗ ಮರಳಿನ ಮೇಲೆ ಬಿಟ್ಟುಹೋಗುವ ಗೆರೆಗಳ ಹೋಲಿಕೆಯಿಂದ ಬಂದ ಹೆಸರು. ಬಿರುಕು ಒಂದಷ್ಟು ದೂರ ಸಾಗಿ, ತಡೆದು, ಮತ್ತೆ ಸಾಗಿದ ಗುರುತು ಇದು. ಉಳಿದ ಕಾಲುಭಾಗ ಮಾತ್ರ ಬೆಳ್ಳಗೆ, ಹರಳುಹರಳಾಗಿ, ಹೊಸದಾಗಿ ಹೊಳೆಯುತ್ತಿದೆ. ದೇವಿಮನೆಯಲ್ಲಿ ಮುರಿದದ್ದು ಇಷ್ಟೇ. ಕಂದು ಭಾಗ ತುಕ್ಕು ಹಿಡಿಯುವಷ್ಟು ಹಳೆಯ ಬಿರುಕು, ಮಳೆಗಾಲದ ನೀರು ಕುಡಿದ ಬಿರುಕು. ಒಂದೇ ಹೊಡೆತಕ್ಕೆ ತುಂಡಾಗಿದ್ದರೆ ಇಡೀ ಮುಖ ಒಂದೇ ಬಣ್ಣದಲ್ಲಿರುತ್ತಿತ್ತು, ಆರ್ಮ್ ಕೂಡ ಸ್ವಲ್ಪವಾದರೂ ಬಗ್ಗಿರುತ್ತಿತ್ತು. ಮಾರಿದವರು ಹೇಳುವುದು ಪೂರ್ತಿ ಸುಳ್ಳಲ್ಲ, ಕೊನೆಯ ಪೆಟ್ಟು ಗುಂಡಿಯದೇ. ಆದರೆ ಆ ಗುಂಡಿ ಇಲ್ಲದಿದ್ದರೆ ಕತಗಾಲದ ಹತ್ತಿರ ಯಾವುದೋ ಹಂಪ್ಸ್ ಆ ಕೆಲಸ ಮಾಡುತ್ತಿತ್ತು.

ಬಿರುಕು ಅಲ್ಲೇ ಏಕೆ ಹುಟ್ಟಿತು? ನಿಮ್ಮ ಗಾಡಿಯಲ್ಲಿ ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರಿನ ಬುಡ ಕೆಳ ಆರ್ಮ್‌ನ ನಡುವೆ ಕೂತಿದೆ. ಒಳಗಿನ ಬೋಲ್ಟಿನಿಂದ ಚಕ್ರದ ಕಡೆಯ ಬೋಲ್ಟಿಗೆ 36 ಸೆಂ.ಮೀ., ಶಾಕ್ ಕೂತಿರುವುದು 24 ಸೆಂ.ಮೀ. ದೂರದಲ್ಲಿ ಎಂದಿಟ್ಟುಕೊಳ್ಳಿ. ಚಕ್ರದ ಮೇಲೆ 300 ಕಿಲೋ ಭಾರವಿದ್ದರೆ ಶಾಕ್ ಆರ್ಮ್ ಅನ್ನು 450 ಕಿಲೋ ಬಲದಿಂದ ಕೆಳಗೆ ಒತ್ತುತ್ತದೆ. ಉಳಿದ 150 ಕಿಲೋವನ್ನು ಒಳತುದಿ ತಡೆಯಬೇಕು. ಗಾಡಿ ಸುಮ್ಮನೆ ನಿಂತಿರುವಾಗಿನ ಲೆಕ್ಕ ಇದು. ಗುಂಡಿಗೆ ಬಿದ್ದಾಗ ಇದರ ಎರಡು ಮೂರು ಪಟ್ಟು ಸುಲಭವಾಗಿ ಏರುತ್ತದೆ.

ಕಂಪನಿಯ ಆರ್ಮ್‌ನ ಒಳತುದಿಯಲ್ಲಿ ದಪ್ಪನೆಯ ರಬ್ಬರ್ ಬುಶ್ ಇರುತ್ತದೆ, ಅದರ ಸುತ್ತ ಅಗಲವಾದ ಕಬ್ಬಿಣ. ನಿಮ್ಮದರಲ್ಲಿ ಅದರ ಬದಲು ಗುಂಡು ಕೀಲಿನ ರಾಡ್ ಎಂಡ್ ಇದೆ, ಹೆಬ್ಬೆರಳಿಗಿಂತ ತೆಳ್ಳಗಿನ ಮರೆಯ ದಂಡು. ರಾಡ್ ಎಂಡ್ ಕೆಟ್ಟ ವಸ್ತುವಲ್ಲ. ನೇರ ಎಳೆತ, ನೇರ ಒತ್ತಡಕ್ಕೆ ಅದು ಹೇಳಿ ಮಾಡಿಸಿದ್ದು. ರೇಸ್ ಕಾರುಗಳ ತುಂಬ ಅದೇ. ಆದರೆ ನಡುವೆ ಶಾಕ್ ಹೊತ್ತ ಆರ್ಮ್‌ನಲ್ಲಿ ಅದರ ಮೇಲೆ ಬೀಳುವುದು ಬಾಗಿಸುವ ಬಲ. ಗುಂಡು ತಿರುಗುವುದರಿಂದ ಅಲ್ಲಿ ಬಾಗು ಇರುವುದಿಲ್ಲ, ಲಾಕ್‌ನಟ್ಟಿನ ಅಂಚಿನಲ್ಲಿ ಅತಿ ಹೆಚ್ಚು ಇರುತ್ತದೆ. ಮರೆಯನ್ನು ಎಷ್ಟು ಹೊರಗೆ ತಿರುಗಿಸಿ ಬಿಟ್ಟಿದ್ದಾರೋ ಅಷ್ಟು ಬಾಗು ಹೆಚ್ಚು. ಅದರ ಜೊತೆಗೆ ಮರೆಯ ಪ್ರತಿ ಸಂದೂ ಒಂದೊಂದು ಗಾಯವೇ. ಅಡಿಕೆ ಮರದ ತಲೆ ಬಾಗಿಸಿ ಮರದಿಂದ ಮರಕ್ಕೆ ದಾಟುವ ಕೊನೆಗೌಡರನ್ನು ಕೇಳಿ: ಬಾಗುವ ಮರಕ್ಕೆ ಅವರು ಹೆದರುವುದಿಲ್ಲ, ಗಾಯವಿರುವ ಮರಕ್ಕೆ ಹೆದರುತ್ತಾರೆ.

ಗಿಡ್ಡ ಸ್ಪ್ರಿಂಗ್ ಇದಕ್ಕೆ ತುಪ್ಪ ಸುರಿದಿದೆ. ಗಾಡಿ ತಗ್ಗಿದಷ್ಟೂ ಶಾಕ್ ಓಡಾಡುವ ಜಾಗ ಕಡಿಮೆ. ಮನೆಮಂದಿ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಸಣ್ಣ ಗುಂಡಿಗೂ ಶಾಕ್ ತಳ ಮುಟ್ಟುತ್ತದೆ. ಸ್ಪ್ರಿಂಗ್ ನುಂಗಬೇಕಾದ ಪೆಟ್ಟನ್ನು ಆಮೇಲೆ ಆ ತೆಳ್ಳನೆಯ ಮರೆಯೇ ತಿನ್ನಬೇಕು.

ಸದ್ದಿನ ಬಗ್ಗೆ ಒಂದು ಮಾತು, ನನ್ನದೇ ಪೆದ್ದುತನ. ಹಿಂದೆ ನಾನೂ ನನ್ನ ಗಾಡಿಗೆ ಇಂಥದೇ ಆರ್ಮ್ ಹಾಕಿಕೊಂಡಿದ್ದೆ. ಹಂಪ್ಸ್ ದಾಟುವಾಗೆಲ್ಲ ಹಿಂದಿನಿಂದ ‘ಕಟ್ ಕಟ್’ ಎನ್ನುತ್ತಿತ್ತು. ಡಿಕ್ಕಿಯಲ್ಲಿ ತೆಂಗಿನಕಾಯಿ ಉರುಳುತ್ತಿದೆ ಎಂದುಕೊಂಡು ಎರಡು ವಾರ ಓಡಿಸಿದೆ. ಕಾಯಿ ಇಳಿಸಿದ ಮೇಲೂ ಸದ್ದು ನಿಲ್ಲಲಿಲ್ಲ. ಗಾಡಿ ಎತ್ತಿ ನೋಡಿದರೆ ಲಾಕ್‌ನಟ್ಟು ಬೆರಳಲ್ಲಿ ತಿರುಗುತ್ತಿತ್ತು, ಮರೆ ಸವೆದು ಕೆಂಪು ಪುಡಿ ಉದುರುತ್ತಿತ್ತು. ಸಡಿಲ ಮರೆಯಲ್ಲಿ ಪ್ರತಿ ಕುಲುಕಾಟವೂ ಒಂದು ಸುತ್ತಿಗೆ ಏಟು. ನಿಮ್ಮ ಗಾಡಿಯಲ್ಲೂ ಸದ್ದು ಬಂದಿರಬೇಕು, ನೆನಪಿಸಿಕೊಳ್ಳಿ.

ಬೆಸುಗೆಯ ಮಾತು ಬೇಡವೇ ಬೇಡ. ಮರೆಯ ದಂಡು ಕಾಯಿಸಿ ತಣಿಸಿ ಹದ ಮಾಡಿದ ಗಟ್ಟಿ ಉಕ್ಕು. ಬೆಸುಗೆಯ ಬಿಸಿಗೆ ಆ ಹದ ಕೆಡುತ್ತದೆ. ಬೆಸುಗೆ ಗಟ್ಟಿಯಾಗಿಯೇ ನಿಂತರೂ ಅದರ ಪಕ್ಕದಲ್ಲಿ ಮುರಿಯುತ್ತದೆ. ಅದು ಅರಬೈಲ್ ಘಟ್ಟದಲ್ಲಿ ಲಾರಿಗಳ ನಡುವೆ ಆಗಬಹುದು.

ನಾನಾದರೆ ಎರಡೂ ಕಡೆಯ ಆರ್ಮ್ ಬಿಚ್ಚಿಸಿ ಕಂಪನಿಯವನ್ನೇ ಹಾಕಿಸುತ್ತೇನೆ, ಸ್ಪ್ರಿಂಗನ್ನೂ ಹಳೆಯ ಎತ್ತರಕ್ಕೆ ತರುತ್ತೇನೆ. ಬಲಗಡೆಯದು ಇನ್ನೂ ಮುರಿದಿಲ್ಲ ಎಂಬುದು ಸಮಾಧಾನದ ಸಂಗತಿಯಲ್ಲ, ಅದೇ ವಯಸ್ಸು, ಅದೇ ರಸ್ತೆ. ನಂಬಿಕೆ ಬಾರದಿದ್ದರೆ ಹಳೆಯ ವರ್ಕ್‌ಶಾಪಿನವರ ಉಪಾಯ ಮಾಡಿ ನೋಡಿ: ಮರೆಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಎಡಚಕ್ರ ವಾಲಿದಾಗ ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದುಕೊಂಡಿರುತ್ತವೆ, ಅವನ್ನೂ ನೋಡಿಸಿ.

ಹೊಸ ಆರ್ಮ್ ಕೂರಿಸುವಾಗ ನೀವು ಹತ್ತಿರವೇ ನಿಲ್ಲಿ. ನಮ್ಮ ಬಹುಪಾಲು ಗ್ಯಾರೇಜುಗಳಲ್ಲಿ ಚಕ್ರ ಜೋತಾಡುತ್ತಿರುವಾಗಲೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಬುಶ್‌ನ ಬೋಲ್ಟ್ ಬಿಗಿದುಬಿಡುತ್ತಾರೆ. ಗಾಡಿ ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ, ಹಾಗೆಯೇ ಉಳಿದು ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ, ಕಂಪನಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು.

ಕರಾವಳಿಯವರಿಗೆ ಇನ್ನೊಂದು: ತುಕ್ಕು ಹಿಡಿಯುವುದಿಲ್ಲವೆಂದು ದೋಣಿಗೆ ಹಾಕುವ ಸ್ಟೇನ್‌ಲೆಸ್ ಬೋಲ್ಟನ್ನು ಸಸ್ಪೆನ್ಶನ್‌ಗೆ ಹಾಕುವವರನ್ನು ನೋಡಿದ್ದೇನೆ. ತಲೆಯ ಮೇಲೆ 10.9 ಎಂದಿರುವ ಉಕ್ಕಿನ ಬೋಲ್ಟ್ ಸುಮಾರು 1000 ಮೆಗಾಪಾಸ್ಕಲ್ ಎಳೆತ ತಾಳುತ್ತದೆ, ಎ2-70 ಎಂದಿರುವ ಸ್ಟೇನ್‌ಲೆಸ್ 700. ತುಕ್ಕಿಗೆ ಹೆದರಿ ಶಕ್ತಿ ಕಳೆದುಕೊಳ್ಳಬೇಡಿ.

ಹಣದ ವಿಚಾರ: ಚಿತ್ರ, ತುಂಡು, ಬಿಲ್ ಇದ್ದರೆ ಮಾರಿದವರೊಂದಿಗೆ ಮಾತನಾಡಿ. ವಿಮೆಯವರ ಹತ್ತಿರ ಹೆಚ್ಚು ನಿರೀಕ್ಷೆ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ, ತಿಳಿಸದ ಮಾರ್ಪಾಡನ್ನು ಅವರು ತಕರಾರಿಗೆ ಬಳಸಿಕೊಳ್ಳಬಹುದು.

ಪ್ರಶ್ನೆ: ನಮ್ಮದು ಸ್ವಿಫ್ಟ್. ಹಿಂದೆ ಭಾರ ಹಾಕಿದರೆ ತಗ್ಗುತ್ತದೆಂದು ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿದೆ. ವರ್ಷದೊಳಗೆ ಸ್ಪ್ರಿಂಗಿನ ಕೆಳಸುತ್ತು ಮುರಿಯಿತು. — ಕಾರವಾರದ ಓದುಗರು

ಉತ್ತರ: ಬಫರ್ ಹಿಡಿದುಕೊಂಡ ಸುತ್ತು ಕೆಲಸ ಮಾಡುವುದಿಲ್ಲ, ಅದರ ಪಾಲಿನ ತಿರುಚಾಟವನ್ನು ಉಳಿದ ಸುತ್ತುಗಳು ಹೊರುತ್ತವೆ. ರಬ್ಬರ್ ಉಜ್ಜಿದಲ್ಲಿ ಬಣ್ಣ ಏಳುತ್ತದೆ, ಕಡಲ ಗಾಳಿಯ ಉಪ್ಪು ಮತ್ತು ಮರಳು ಅಲ್ಲಿ ಕೂರುತ್ತವೆ. ಮಿಕ್ಕದ್ದನ್ನು ತುಕ್ಕಿನ ಚುಕ್ಕಿ ಮಾಡುತ್ತದೆ. ಬಫರ್ ಕಿತ್ತೆಸೆದು ಎರಡೂ ಕಡೆ ಒಟ್ಟಿಗೇ ಹೊಸ ಸ್ಪ್ರಿಂಗ್ ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಾಡಿಯ ಅಡಿಗೆ ಸಿಹಿನೀರು ಹೊಡೆಯಿರಿ.

ಪ್ರಶ್ನೆ: ಗಾಡಿ ತಗ್ಗಿಸಿದ ಮೇಲೆ ಹಿಂದಿನ ಟೈರುಗಳ ಒಳ ಅಂಚು ಸವೆಯುತ್ತಿದೆ. ಕಾರು ಐ20. ಅಲೈನ್‌ಮೆಂಟ್ ಅಂಗಡಿಯವರು ‘ಹಿಂದೆ ಮಾಡಲು ಬರುವುದಿಲ್ಲ’ ಎನ್ನುತ್ತಾರೆ. — ಹೊನ್ನಾವರದ ಓದುಗರು

ಉತ್ತರ: ಅವರು ನಿಜವನ್ನೇ ಹೇಳಿದ್ದಾರೆ. ನಿಮ್ಮ ಗಾಡಿಯಲ್ಲಿ ಹಿಂದೆ ಇರುವುದು ಎರಡು ಚಕ್ರಗಳನ್ನು ಕೂಡಿಸುವ ಒಂದೇ ತೊಲೆ, ತಿರುಗಿಸಿ ಹೊಂದಿಸುವ ಬೋಲ್ಟ್ ಅದರಲ್ಲಿಲ್ಲ. ಚಕ್ರಗಳ ಕೋನವನ್ನು ಅಳತೆ ಮಾಡಲು ಮಾತ್ರ ಬರುತ್ತದೆ, ಅದನ್ನು ಮಾಡಿಸಿ. ತೊಲೆ ಬಗ್ಗಿದ್ದರೆ ಎಡ–ಬಲದ ಅಂಕಿಗಳಲ್ಲಿ ಗೊತ್ತಾಗುತ್ತದೆ.